ಮುನ್ನೂರು ಜನ ಸೇರಿ ಮಾಡಿದ ಪ್ರೇಮನಿವೇದನೆ

ಬೆಳಿಗ್ಗೆ ಒಂಬತ್ತರೊಳಗೆ ನಾನು ಹದಿನಾಲ್ಕು ಹೃದಯಗಳನ್ನು ವಶಪಡಿಸಿಕೊಂಡಿದ್ದೆ. ಹನ್ನೊಂದು ಬಲೂನು, ಎರಡು ಚಾಕೊಲೇಟ್ ಡಬ್ಬಿ, ಒಂದು ದಿಂಬು. ಫೆಬ್ರವರಿ ಹದಿನಾಲ್ಕು ನಮ್ಮ ಅಂದಿಜಾನಿನ ಕಾಲೇಜಿಗೆ ಪ್ರೇಮಿಗಳ ದಿನವಲ್ಲ, ದೊರೆ ಹುಟ್ಟಿದ ದಿನ. ಈ ಊರಲ್ಲಿ ಹುಟ್ಟಿ, ಊರು ಕಳೆದುಕೊಂಡು, ದಿಲ್ಲಿ ಗೆದ್ದರೂ ಸಾಯುವ ತನಕ ಊರಿಗಾಗಿ ಹಂಬಲಿಸಿ ಗಝಲ್ ಬರೆದ ದೊರೆ. ಉಪಪ್ರಾಂಶುಪಾಲ ತುರ್ಗುನ್ ಅಕಾ, ಅಂದರೆ ತುರ್ಗುನ್ ಅಣ್ಣ, ನನ್ನನ್ನು ಗೇಟಿನಲ್ಲಿ ನಿಲ್ಲಿಸಿ, "ಪರದೇಶದ ಪ್ರೀತಿ ಒಂದೂ ಒಳಗೆ ಬರಬಾರದು, ತಮ್ಮಾ" ಎಂದಿದ್ದರು.

"ಮೇಷ್ಟ್ರೇ, ದೊರೆ ಬರೆದಿದ್ದೂ ಪ್ರೀತಿ ಮೇಲೇ ಅಲ್ವಾ?" ದಿಂಬಿನ ಒಡತಿ ಕೇಳಿದಳು.

"ಅವರು ದೊರೆ, ಬರೀಬಹುದು. ನೀನು ಮೊದಲು ಹಾಜರಾತಿ ಸರಿ ಮಾಡ್ಕೋ."

ಹೀಗೆಂದ ನನ್ನ ಕೋಟಿನ ಒಳಜೇಬಿನಲ್ಲೇ ಹದಿನೈದನೆಯ ಅಪರಾಧವಿತ್ತು: ದೊರೆಯದೇ ಒಂದು ಗಝಲ್. ಗ್ರಂಥಾಲಯದ ಸನೋಬರಳನ್ನು ಕೇಳಿಕೊಂಡು ಬಂದಿದ್ದವರು ಭಾನುವಾರ ಮತ್ತೆ ಬರುವವರಿದ್ದರು. ಎರಡೂ ಕಡೆಯ ಹಿರಿಯರು ಕೂತು ರೊಟ್ಟಿ ಮುರಿದರೆ ಮದುವೆ ಗಟ್ಟಿಯಾದಂತೆ. ಅಷ್ಟರೊಳಗೆ ನನ್ನ ಮನಸ್ಸು ಅವಳಿಗೆ ತಿಳಿಯಬೇಕು. ಅಂದಿನ ಗಝಲ್ ಸ್ಪರ್ಧೆಯ ಸಭೆಯಲ್ಲಿ ಅವಳ ಕಣ್ಣನ್ನೇ ನೋಡುತ್ತ ಓದಿಬಿಡುವುದು. ಅನುವಾದದ ಕಾದಂಬರಿಗಳನ್ನು ಓದಿ ಬೆಳೆದ ನನಗೆ ಇದು ಭಾರಿ ಉಪಾಯವಾಗಿ ಕಂಡಿತ್ತು. ನಮ್ಮೂರಿನವರು ಎಂಥವರೆಂಬುದು ಮಾತ್ರ ಮರೆತುಹೋಗಿತ್ತು.

ವೇದಿಕೆ ಹತ್ತಿ ಮೊದಲ ಸಾಲು ಓದಿದೆ. ಸನೋಬರ್ ತಲೆಯೆತ್ತಿದಳು. ಎರಡನೆಯ ಸಾಲಿಗೆ ಮುಂದಿನ ಕುರ್ಚಿಗಳಲ್ಲಿದ್ದವರು ದನಿಗೂಡಿಸಿದರು. ಮೂರನೆಯದಕ್ಕೆ ಇಡೀ ಸಭೆಯೇ ಎದ್ದು ನಿಂತಿತು. ಎಲ್ಲರಿಗೂ ಬಾಯಿಪಾಠ! ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅಜ್ಜಿ ನನಗಿಂತ ಅರ್ಧ ಸಾಲು ಮುಂದಿದ್ದಳು. ತುರ್ಗುನ್ ಅಕಾ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಪ್ರೇಮನಿವೇದನೆಯನ್ನು ಮುನ್ನೂರು ಜನ ಸೇರಿ ಮಾಡಿದರು. ಸನೋಬರ್ ಕೂಡ ಚಾವಣಿ ನೋಡುತ್ತ ಇಂಪಾಗಿ ಹಾಡಿದಳು. ನನಗೆ ಮೊದಲ ಬಹುಮಾನ ಬಂತು.

ಮಧ್ಯಾಹ್ನ ಗ್ರಂಥಾಲಯಕ್ಕೆ ಹೋದೆ.

"ಅದು ನಿಮಗೇ ಹೇಳಿದ್ದು" ಎಂದೆ.

"ಗೊತ್ತು. ಹೋದ ವರ್ಷ ಭೂಗೋಳದ ಮೇಷ್ಟ್ರು ಅದನ್ನೇ ಹೇಳಿದ್ರು. ಅದರ ಹಿಂದಿನ ವರ್ಷ ವ್ಯಾಯಾಮದವರು." ಅವಳು ಪುಸ್ತಕಕ್ಕೆ ಮುದ್ರೆ ಒತ್ತಿದಳು. "ವ್ಯಾಯಾಮದವರ ಕಂಠ ಚೆನ್ನಾಗಿತ್ತು."

ನಾನು ಹೊರಡಲು ತಿರುಗಿದೆ.

"ನಿಲ್ಲಿ, ಹಮ್ದಮ್ ಅಕಾ. ನಿಮ್ಮದೇ ಅಂತ ಒಂದು ಮಾತು ಹೇಳಿ. ಒಂದೇ ಒಂದು. ಭಾನುವಾರದ ಒಳಗೆ ನಾನೂ ಅಮ್ಮನಿಗೆ ಏನಾದ್ರೂ ಹೇಳಬೇಕಲ್ಲ?"

ಕೇಳಿದ್ದು ಇಷ್ಟೇ. ಬಾಯಿ ತೆರೆದೆ. ಹುಬ್ಬಿನ ಬಗ್ಗೆ ದೊರೆಯ ಸಾಲು ಬಂತು, ನುಂಗಿದೆ. ವಿರಹದ ಬಗ್ಗೆ ಬಂತು, ಅದೂ ಅವರದೇ. ಇನ್ನೂ ಒಳಗೆ ತಡಕಿದರೆ ನಮ್ಮಜ್ಜಿ ಗುನುಗುತ್ತಿದ್ದ ಇನ್ಯಾರದೋ ಪದ್ಯ ಸಿಕ್ಕಿತು. ನಾನೊಂದು ಬಾಡಿಗೆ ಮನೆ. ಒಳಗೆ ಇರುವುದೆಲ್ಲ ಪರರ ಸಾಮಾನು. ಸನೋಬರ್ ಬಹಳ ಹೊತ್ತು ಕಾದಳು. ಪಾಪ, ಮುದ್ರೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಕಾದಳು.

"ಪುಸ್ತಕ… ವಾಪಸು ಕೊಡೋಕೆ ಕೊನೇ ದಿನ ಯಾವತ್ತು?" ಎಂದೆ.

"ಇಪ್ಪತ್ತೆಂಟು" ಎಂದು ಮುದ್ರೆ ಒತ್ತಿದಳು.

ಭಾನುವಾರ ರೊಟ್ಟಿ ಮುರಿದರು. ಏಪ್ರಿಲ್‌ನಲ್ಲಿ ಅವಳಣ್ಣ ಫೋನ್ ಮಾಡಿದ: "ಮೇಷ್ಟ್ರೇ, ಮದುವೇಲಿ ಮೈಕ್ ಹಿಡಿದು ದೊರೆಯದು ನಾಲ್ಕು ಸಾಲು ಹೇಳೋರು ಬೇಕು. ಊರೆಲ್ಲ ನಿಮ್ಮ ಹೆಸರೇ ಹೇಳ್ತಿದೆ." ಒಲ್ಲೆ ಎನ್ನಲೂ ನನ್ನಲ್ಲಿ ಮಾತಿರಲಿಲ್ಲ; ಹೋದೆ. ಅದೇ ಗಝಲ್ ಹೇಳಿದೆ. ಐನೂರು ಜನ ಜೊತೆಗೆ ಹಾಡಿದರು, ಚಪ್ಪಾಳೆ ತಟ್ಟಿ ಪಲಾವಿನ ಕಡೆ ತಿರುಗಿದರು.

ಮದುಮಗ ಟ್ರ್ಯಾಕ್ಟರ್ ಮೆಕ್ಯಾನಿಕ್, ರಷ್ಯನ್ ಶಾಲೆಯಲ್ಲಿ ಓದಿದವನು. ಗದ್ದಲದ ನಡುವೆ, ಕೂತಲ್ಲಿಂದಲೇ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ನಗಬೇಡಿ ಮೇಷ್ಟ್ರೇ. ಆ ಹಳೇ ಭಾಷೆ ನನಗೆ ತಲೆಬುಡ ಹತ್ತಲ್ಲ. ಅದರಲ್ಲಿ ಏನು ಹೇಳಿದ್ದಾರೆ?"

ಗಝಲಿನಲ್ಲಿರುವುದು ಬಿಲ್ಲಿನಂಥ ಹುಬ್ಬು, ಬಾಣ, ಗಾಯ. ಅದನ್ನೇ ಹೇಳಲು ಹೊರಟೆ. ಅವನ ಪಕ್ಕದಲ್ಲಿ ಬಿಳಿ ಮುಸುಕಿನೊಳಗೆ ಸನೋಬರ್ ತಲೆ ತಗ್ಗಿಸಿ ಕೂತಿದ್ದಳು.

"ಅಂದ್ರೆ… ನೀನು ಎದುರಿಗಿದ್ರೆ ನಂಗೆ ಮಾತೇ ಹೊರಡಲ್ಲ. ನೀನು ಇಲ್ದೇ ಇದ್ರೆ, ಮಾತಾಡಬೇಕು ಅನಿಸೋರು ಇನ್ಯಾರೂ ಇಲ್ಲ. ಇಷ್ಟೇ."

"ಇಷ್ಟೇನಾ?" ಮದುಮಗನ ಮುಖ ಅರಳಿತು. "ಎಷ್ಟು ಚೆನ್ನಾಗಿ ಹೇಳಿದ್ದಾರೆ ಮಹಾರಾಯರು!"

ಅವನು ನನ್ನ ತೋಳು ಬಿಟ್ಟು, ಹೆಂಡತಿಯ ಕಿವಿಯತ್ತ ಬಾಗಿ, ನಾನು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಹೇಳಿದ. ಸನೋಬರ್ ಮುಸುಕು ಸರಿಸಿ ಗಂಡನನ್ನೇ ನೋಡಿದಳು.