ಕ್ಯಾಲೆಂಡರಿಗೆ ಕಾಣದ ಮೂರು ಕಿಲೋಮೀಟರ್

ಚೆಲುವರಾಜು ಜೀಪನ್ನು ಟೈರ್ ಅಂಗಡಿಯ ಹಿಂಬದಿಗೆ ತಂದು ನಿಲ್ಲಿಸಿದ. ಇಳಿದು ಎರಡೂ ಕಡೆ ನೋಡಿದ. ವಯನಾಡಿನ ಬತ್ತೇರಿಯಲ್ಲಿ ಅವನ ಗುರುತಿನವರು ಬಹಳ. ಕಂಡದ್ದನ್ನು ಅವನ ಹೆಂಡತಿ ಇಂದ್ರಮ್ಮನಿಗೆ ಮುಟ್ಟಿಸದವರು ಒಬ್ಬರೂ ಇಲ್ಲ.

"ಮಣಿ, ಈ ಗಾಡಿಗೆ ಇದಕ್ಕಿಂತ ದೊಡ್ಡ ಟೈರು ಬೇಕು ಕಣಪ್ಪ."

ಅಂಗಡಿಯ ಮಣಿಕಂಠನ್ ಕೆಸರು ಮೆತ್ತಿದ ಚಕ್ರಗಳನ್ನು ನೋಡಿದ. "ಹೊಸ ಟೈರಲ್ಲವಾ ಚೇಟ್ಟಾ? ಹಳೇದು ಸವೀತು ಅಂತ ಇಂದ್ರಮ್ಮ ಚೇಚಿ ಬಂದು ಹಾಕಿಸಿ ಮೂರು ತಿಂಗಳೂ ಆಗಿಲ್ಲ."

"ಹೊಸದೇ. ಸೈಜು ಸಾಲದು."

"ಕಾಡುದಾರಿಗಾ?"

"ಮೀಟರಿಗೆ," ಎಂದುಬಿಟ್ಟ ಚೆಲುವರಾಜು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಪಾಡು ಇಷ್ಟೇ.

ಎರಡು ವರ್ಷದ ಹಿಂದೆ ಒಬ್ಬಳೇ ಮಗಳು ದಿವ್ಯಶ್ರೀ, ಮನೆಯಲ್ಲಿ ಒಂದು ಮಾತೂ ಹೇಳದೆ, ಸುಧೀಶನನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದಳು. ಆ ಸಂಜೆ ಗಂಡ ಹೆಂಡತಿ ಮಾದಪ್ಪನ ಪಟದ ಮುಂದೆ ಕರ್ಪೂರ ಹಚ್ಚಿ, ಅವಳ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದರು. ಮೊದಲು ಕರ್ಪೂರದ ಮೇಲೆ ಕೈ ಹಿಡಿದವಳು ಇಂದ್ರಮ್ಮ.

ಮಾದಪ್ಪನನ್ನು ನಂಬಿದರು, ಒಬ್ಬರನ್ನೊಬ್ಬರು ನಂಬಲಿಲ್ಲ. ಅಂದಿನಿಂದ ಜೀಪು ತಮ್ಮೂರು ಕಲ್ಲೂರಿನಿಂದ ಕಲ್ಪೆಟ್ಟಕ್ಕೆ ಹೋಗಿಬಂದರೆ, ಓಡಿಸಿದವರು ಓಡಿದ ದೂರವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು; ಇನ್ನೊಬ್ಬರು ಮೀಟರು ನೋಡಿ ತಾಳೆ ಹಾಕಬೇಕು. ಹೋಗಿಬರಲು ಎಪ್ಪತ್ತು ಕಿಲೋಮೀಟರ್. ಮಗಳ ಮನೆ ಅದೇ ದಾರಿಯಲ್ಲಿ, ಮೀನಂಗಾಡಿ ದಾಟಿ ಒಂದೂವರೆ ಕಿಲೋಮೀಟರ್ ಒಳಗೆ. ಹೊಕ್ಕು ಬಂದರೆ ಮೂರು ಹೆಚ್ಚು. ಆ ಮೂರರ ಭಯಕ್ಕೆ ಅವನು ಇದುವರೆಗೆ ಹೊಕ್ಕಿರಲಿಲ್ಲ.

ಈಚೆಗೆ ಅಂಕಿಗಳೂ ಎಡವಟ್ಟಾಗಿದ್ದವು. ಅವನು ಹೋದ ದಿನ ಮೀಟರು ಅರವತ್ತೇಳೇ ತೋರಿಸುತ್ತಿತ್ತು. ಹೆದ್ದಾರಿಯ ತಿರುವು ನೇರ ಮಾಡಿರಬೇಕೆಂದು ಸರ್ಕಾರವನ್ನು ಮೆಚ್ಚಿಕೊಂಡ. ಇಂದ್ರಮ್ಮ ಹೋದ ದಿನ ಮಾತ್ರ ಸರಿಯಾಗಿ ಎಪ್ಪತ್ತು. ಹೆಂಗಸರು ಗಾಡಿ ನಿಲ್ಲಿಸಲು ಹಿಂದೆ ಮುಂದೆ ಜಾಸ್ತಿ ಮಾಡುತ್ತಾರೆ ಅಂದುಕೊಂಡ. ಜೀಪು ಹತ್ತುವುದು ಕಷ್ಟವಾದಾಗ ತಪ್ಪನ್ನು ತನ್ನ ಮಂಡಿಯ ಮೇಲೆ ಹಾಕಿದ.

"ಮೊಮ್ಮಗಳಿಗೆ ಐದು ತಿಂಗಳು ಕಣೋ. ಇನ್ನೂ ಮುಖ ನೋಡಿಲ್ಲ," ಎಂದು ಚೆಲುವರಾಜು ಮೊಬೈಲು ತೆರೆದು ಯಾರೋ ಕಳಿಸಿದ್ದ ಫೋಟೊ ತೋರಿಸಿದ. ಮಗುವಿನ ತಲೆಯಲ್ಲಿ ಹಳದಿ ಕುಲಾವಿ. ಪಕ್ಕದ ಮನೆ ನಾರಾಯಣಿಯ ಮೊಮ್ಮಗುವಿಗೆಂದು ಇಂದ್ರಮ್ಮ ಹೆಣೆದದ್ದೂ ಅಂಥದ್ದೇ. ಈ ವರ್ಷ ಎಲ್ಲ ಕಡೆ ಅದೇ ಬಣ್ಣ ಓಡುತ್ತಿರಬೇಕು.

"ಆಣೆ?"

"ಹೊಸಿಲು ತುಳಿಯಲ್ಲ. ಜೀಪಲ್ಲೇ ಕೂತಿರ್ತೀನಿ, ಕೂಸನ್ನ ಅವಳೇ ತಂದು ತೊಡೆ ಮೇಲೆ ಮಲಗಿಸ್ಲಿ. ಜೀಪಿಗೆಲ್ಲಿ ಹೊಸಿಲು? ಮಾದಪ್ಪ ಒಪ್ತಾನೆ. ಇಂದ್ರಿ ಒಪ್ಪಲ್ಲ."

ಹೇಳುತ್ತ ಅವನು ಮೊಬೈಲಿನ ಗಾಜನ್ನು ಅಂಗಿಗೆ ಒರೆಸಿದ. ಮಣಿಕಂಠನ್ ತಲೆ ತಗ್ಗಿಸಿ ಸ್ಪಾನರು ಹುಡುಕಿದ. ಸ್ಪಾನರು ಅವನ ಕೈಯಲ್ಲೇ ಇತ್ತು.

"ಎಷ್ಟು ಕಿಲೋಮೀಟರ್ ಅಡಗಬೇಕು?"

"ಮೂರು."

"ಮೂರಾ?" ಮಣಿಕಂಠನ್ ಕೆಮ್ಮಿದ. "ನಿಮ್ಮ ಗಾಡಿಗೆ ಕಂಪನಿ ಕೊಟ್ಟ ಸೈಜು 215. ಅದರ ಬದಲು 235 ಹಾಕಿದ್ರೆ ಟೈರು ಮೂರು ಸೆಂಟಿಮೀಟರ್ ಎತ್ತರ ಆಗ್ತದೆ. ಒಂದು ಸುತ್ತಿಗೆ ಜಾಸ್ತಿ ದೂರ ಹೋಗ್ತದೆ. ಮೀಟರು ಸುತ್ತು ಮಾತ್ರ ಎಣಿಸೋದು. ಎಪ್ಪತ್ಮೂರು ಓಡಿದ್ರೂ ಎಪ್ಪತ್ತೇ ತೋರಿಸ್ತದೆ."

"ಅದಕ್ಕಿಂತ ದೊಡ್ಡದು?"

"ಬೇಡ. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜುತ್ತದೆ."

"ಈಗ್ಲೇ ಚೂರು ಉಜ್ಜುತ್ತೆ ಕಣೋ. ಜೀಪಿಗೂ ವಯಸ್ಸಾಯ್ತು. ಆಗ್ಲಿ, ಆ 235 ಹಾಕು. ಇಂದ್ರಿ ಕಿವಿಗೆ ಮಾತ್ರ ಬೀಳ್ಬಾರ್ದು."

ಮಣಿಕಂಠನ್ ಜಾಕಿ ತರಲಿಲ್ಲ. ಒದ್ದೆ ಬಟ್ಟೆ ತಂದು ಮುಂದಿನ ಟೈರಿನ ಪಕ್ಕದ ಕೆಸರು ಒರೆಸಿದ. ಚೆಲುವರಾಜು ಕನ್ನಡಕ ಹಾಕಿಕೊಂಡು ಬಗ್ಗಿದ. ಎರಡು, ಮೂರು, ಐದು. ಮತ್ತೊಮ್ಮೆ ಓದಿದ. ಅದೇ.

"ಚೇಚಿ ಅವತ್ತೇ ಹೇಳಿದ್ರು," ಎಂದ ಮಣಿಕಂಠನ್, "ನಮ್ಮನೆಯವರೂ ಒಂದು ದಿನ ಇದನ್ನೇ ಕೇಳ್ಕೊಂಡು ಬರ್ತಾರೆ, ಆ ಮೂರು ಕಿಲೋಮೀಟರು ಇದರಲ್ಲೇ ಇದೆ, ಸುಮ್ಮನೆ ಹೋಗಿ ಮಗು ನೋಡ್ಕೊಂಡು ಬರೋಕೆ ಹೇಳು ಅಂತ."