ಹೆಲಿಕಾಪ್ಟರಿನ ಹೊಟ್ಟೆಯ ತೇಪೆ

ಮೊದಲು ಹೋದದ್ದು ಮರದ ಸೌಟು. ಆಮೇಲೆ ಛತ್ರಿಯ ಕಡ್ಡಿ, ಕೂದಲ ಪಿನ್ನು. ಇವತ್ತು ಸೊಸೆಯ ಕಿವಿಯೋಲೆಗೇ ಕೈ ಬಿದ್ದಿತ್ತು. ಓಲೆಯ ಕಲ್ಲು ಡಬ್ಬಿಯಲ್ಲೇ ಇತ್ತು. ಕೊಕ್ಕೆಯನ್ನು ಮಾತ್ರ ಯಾರೋ ನಾಜೂಕಾಗಿ ಬಿಡಿಸಿಕೊಂಡಿದ್ದರು. ಕಲ್ಲು ಬಿಟ್ಟು ಕೊಕ್ಕೆ ಕದಿಯುವ ಕಳ್ಳನನ್ನು ಅವಳು ಎಲ್ಲೂ ಕೇಳಿರಲಿಲ್ಲ.

ಮನೆಯಲ್ಲಿರುವುದು ಮೂರೇ ಜನ. ಅವಳು, ಗಂಡ, ಅತ್ತೆ. ಅತ್ತೆಗೆ ಓಲೆಯ ಕೊಕ್ಕೆ ಯಾಕೆ ಬೇಕು? ಅವರ ಲೋಕವೇ ಬೇರೆ. ಎದೆಯ ಮಾತ್ರೆ, ಮಧ್ಯಾಹ್ನದ ನಿದ್ದೆ, ತಾರಸಿಯ ಮೇಲೆ ಒಣಹಾಕಿದ ಬಟ್ಟೆ. ಆ ಬಟ್ಟೆಯನ್ನಾದರೂ ನೆಟ್ಟಗೆ ಒಣಗಲು ಬಿಡುತ್ತಾರೆಯೇ? ಹೊತ್ತಲ್ಲದ ಹೊತ್ತಿನಲ್ಲಿ ದಡಬಡ ಮೇಲೆ ಹತ್ತಿ, ಹಸಿ ಬಟ್ಟೆಯನ್ನೇ ಅವುಚಿಕೊಂಡು ಇಳಿದು ಬರುತ್ತಾರೆ. ವಯಸ್ಸಾಯಿತು, ಪಾಪ, ಎಂದುಕೊಂಡು ಸೊಸೆ ಮತ್ತೆ ಹರವಿ ಬರುತ್ತಿದ್ದಳು.

ಉಳಿದವನು ಗಂಡ. ಇತ್ತೀಚೆಗೆ ಅವನ ನಡವಳಿಕೆಯೂ ಸರಿಯಿರಲಿಲ್ಲ. ಅವಳ ಎದುರು ಅಂಗಿ ಬದಲಿಸುತ್ತಿರಲಿಲ್ಲ. ರಾತ್ರಿ ಎಡಮಗ್ಗುಲಿಗೆ ಹೊರಳುತ್ತಿರಲಿಲ್ಲ. ಕೇಳಿದರೆ ದಿಂಬಿನ ಮೇಲೆ ದೂರು. ಸುಳ್ಳು ಹೇಳುವುದರಲ್ಲಂತೂ ಅವನು ಪಳಗಿದ ಕೈ. ಅವನ ದೊಡ್ಡ ಸುಳ್ಳಿನಲ್ಲಿ ಅವಳೂ ಪಾಲುದಾರಳು.

ಮಾವ ವಿದ್ಯುತ್ ಕಂಬದಿಂದ ಬಿದ್ದು ತೀರಿಕೊಂಡಾಗ, ಎತ್ತರದ ಕೆಲಸಕ್ಕೆ ಹೋಗಕೂಡದೆಂದು ಅತ್ತೆ ಮಗನಿಂದ ಮಾತು ತೆಗೆದುಕೊಂಡಿದ್ದರು. ಮಗ ಮಾತು ಕೊಟ್ಟ. ಕೊಟ್ಟು, ನೆಟ್ಟಗೆ ಹೋಗಿ ರಕ್ಷಣಾ ಹೆಲಿಕಾಪ್ಟರಿನಲ್ಲಿ ಹಗ್ಗ ಹಿಡಿದು ನೇತಾಡುವ ಕೆಲಸಕ್ಕೆ ಸೇರಿದ. ಅಮ್ಮನ ಪಾಲಿಗೆ ಅವನು ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ ಔಷಧಿ ಉಗ್ರಾಣ ನೋಡಿಕೊಳ್ಳುವವನು. ಹೆಲಿಕಾಪ್ಟರ್ ಇಳಿಯುವುದೂ ಅದೇ ಆಸ್ಪತ್ರೆಯ ಅಂಗಳಕ್ಕೆ, ಇವರ ಮನೆಯ ನೆತ್ತಿಯ ಮೇಲಿಂದಲೇ. ಅತ್ತೆಯ ಎದೆ ದೊಡ್ಡ ಆಘಾತ ತಡೆಯುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ ಮೇಲೆ ಗಂಡ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಗುಟ್ಟು ಒಡೆದರೆ ಅತ್ತೆಯ ಜೀವಕ್ಕೇ ಸಂಚಕಾರ.

ಕೊಕ್ಕೆಗಾಗಿ ಅವಳು ಮನೆಯೆಲ್ಲ ಜಾಲಾಡಿದಳು. ತಾರಸಿಗೆ ಹತ್ತುವ ಮೆಟ್ಟಿಲ ಕೊನೆಯಲ್ಲಿ ಒಂದು ಪುಟ್ಟ ಕೋಣೆ. ಅಲ್ಲಿ ಬಟ್ಟೆ ಕ್ಲಿಪ್ಪಿನ ಬುಟ್ಟಿ, ಮುರಿದ ಕುರ್ಚಿ, ಗಂಡನ ಶಾಲೆಯ ಕಾಲದ ಟ್ರಂಕು. ಕುರ್ಚಿಯ ಮೇಲೆ ಧೂಳಿತ್ತು, ಟ್ರಂಕಿನ ಮೇಲೆ ಇರಲಿಲ್ಲ. ಅವಳು ಮುಚ್ಚಳ ಎತ್ತಿದಳು.

ಒಳಗೆ ಗೇಣುದ್ದದ ಹೆಲಿಕಾಪ್ಟರ್ ಮಲಗಿತ್ತು.

ಅಂಗಡಿಯ ಆಟಿಕೆಯಲ್ಲ, ಕೈಯಲ್ಲಿ ಮಾಡಿದ್ದು. ಬಾಲ ಅವಳ ಸೌಟಿನ ಹಿಡಿ. ನೆಲಕ್ಕೂರುವ ಕಾಲುಗಳು ಛತ್ರಿಯ ಕಡ್ಡಿ. ಕೂದಲ ಪಿನ್ನಿನ ಹಳಿಯ ಮೇಲೆ ಬಾಗಿಲು ನಿಜವಾಗಿಯೂ ಜರುಗುತ್ತಿತ್ತು. ಹೊಟ್ಟೆಯಡಿಯ ದೀಪಕ್ಕೆ ಖಾಲಿ ಮಾತ್ರೆ ಪಟ್ಟಿಯ ಒಂದು ಗುಳ್ಳೆ. ಅದೇ ಪಟ್ಟಿಯ ಬೆಳ್ಳಿ ಹಾಳೆಯನ್ನು ಮೈಗೆ ಅಂಟಿಸಿ, ಸೂಜಿಮೊನೆಯಿಂದ ಒತ್ತಿ ಒತ್ತಿ ರಿವೆಟ್ಟಿನ ಸಾಲು ಮೂಡಿಸಿದ್ದರು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ ಉಗುರಿನಷ್ಟು ಮನುಷ್ಯ. ಅವನ ಪಕ್ಕದಿಂದ ಬೆಳ್ಳನೆಯ ಎಳೆಯೊಂದು ಇಳಿಬಿದ್ದಿತ್ತು, ಯಾವ ನೂಲೋ ತಿಳಿಯಲಿಲ್ಲ. ಅದರ ತುದಿಯಲ್ಲಿ ಅವಳ ಓಲೆಯ ಕೊಕ್ಕೆ.

ತಿರುಗಿಸಿ ನೋಡಿದಳು. ಹೊಟ್ಟೆಯ ಮೇಲೊಂದು ಚೌಕ ತೇಪೆ, ಬಣ್ಣ ಬಳಿಯದ್ದು. ಹೋದ ವಾರ ನಿಜದ ಹೆಲಿಕಾಪ್ಟರು ಬಂಡೆಗೆ ತಗುಲಿ ಅಲ್ಲಿ ಹೊಸ ತಗಡು ಹಾಕಿಸಿದ್ದನ್ನು ಗಂಡ ಅವಳೊಬ್ಬಳ ಕಿವಿಯಲ್ಲಿ ಉಸುರಿದ್ದ. ಇನ್ನು ಬೇರೆ ಸಾಕ್ಷಿ ಬೇಕೆ? ಅತ್ತೆ ವಾಚ್ ಕಾರ್ಖಾನೆಯಲ್ಲಿ ದುಡಿಯುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿಯನ್ನೂ ಎಗರಿಸಿ ತಂದು ಪಕ್ಕದಲ್ಲೇ ಇಟ್ಟುಕೊಂಡಿದ್ದಾನೆ, ಪುಣ್ಯಾತ್ಮ. ಇಷ್ಟೆಲ್ಲ ಮಾಡಿದವನು ಮೇಲ್ಭಾಗವನ್ನು ಮಾತ್ರ ಬರೀ ಮರದ ತುಂಡಾಗಿಯೇ ಬಿಟ್ಟಿದ್ದ. ಎಲ್ಲ ಕೆಲಸವೂ ಅರ್ಧಂಬರ್ಧ ಎಂದು ಅವಳು ಗೊಣಗಿದಳು.

ಆದರೆ ಭಯವೂ ಆಯಿತು. ಅತ್ತೆ ದಿನಾ ಓಡಾಡುವ ಜಾಗದಲ್ಲಿ ಇದನ್ನು ಇಡುವುದೇ? ಕೆಳಗೆ ಶೂ ಕಟ್ಟುತ್ತಿದ್ದ ಗಂಡನ ಎದುರು ಹೋಗಿ ನಿಂತಳು.

"ನಿಮ್ಮ ಕಳ್ಳಾಟ ಗೊತ್ತಾಯ್ತು."

ಅವನ ಮುಖ ಸಪ್ಪಗಾಯಿತು. "ಯಾರು ಹೇಳಿದ್ರು?"

"ಯಾರು ಯಾಕೆ ಹೇಳ್ಬೇಕು? ನಂಗೇನು ಕಣ್ಣಿಲ್ವಾ?"

"ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು ಕಣೇ. ಇನ್ಮೇಲೆ ಹುಷಾರಾಗಿರ್ತೀನಿ."

ಅಷ್ಟು ಹೇಳಿ ಜಾರಿಕೊಂಡ. ತಪ್ಪೊಪ್ಪಿಕೊಂಡಂತೆಯೇ ಆಯಿತಲ್ಲ.

ಮಧ್ಯಾಹ್ನ ಅತ್ತೆಗೆ ನಿದ್ದೆ ಹತ್ತಿದೆ ಎಂದು ಖಾತ್ರಿ ಮಾಡಿಕೊಂಡು ಅವಳು ಮೇಲೆ ಹತ್ತಿದಳು. ಹೆಲಿಕಾಪ್ಟರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತವರಿಗೆ ಸಾಗಿಸಿಬಿಡುವ ಲೆಕ್ಕ. ಸುತ್ತಿ ಮುಗಿಸುವಷ್ಟರಲ್ಲಿ ದೂರದಲ್ಲಿ ಗುಡುಗುಡು ಸದ್ದು ಕೇಳಿಸಿತು. ಗಂಡನದೇ ಹೆಲಿಕಾಪ್ಟರು. ಹಿಂದೆಯೇ ಮೆಟ್ಟಿಲ ಮೇಲೆ ದಡಬಡ ಹೆಜ್ಜೆ. ಗಂಟನ್ನು ಬೆನ್ನ ಹಿಂದೆ ಮರೆಮಾಡಿ ಗೋಡೆಗೆ ಅಂಟಿ ನಿಂತಳು.

ಅತ್ತೆ ಅವಳತ್ತ ತಿರುಗಿಯೂ ನೋಡದೆ ತಾರಸಿಗೆ ನಡೆದರು. ಬಟ್ಟೆ ಮುಟ್ಟಲಿಲ್ಲ. ತಂತಿಯ ಕೆಳಗೆ ನಿಂತು ಕತ್ತೆತ್ತಿದರು. ಬಿಚ್ಚಿದ ಜಡೆಯಿಂದ ಬೆಳ್ಳನೆಯ ಎಳೆಗಳು ಗಾಳಿಗೆ ಹಾರುತ್ತಿದ್ದವು. ಹೆಲಿಕಾಪ್ಟರು ನೆತ್ತಿಯ ಮೇಲೆ ಹಾದು, ಆಸ್ಪತ್ರೆಯ ಹಿಂದೆ ಇಳಿದು, ಸದ್ದು ಅಡಗುವವರೆಗೂ ಅವರು ಅಲ್ಲಾಡಲಿಲ್ಲ. ಆಮೇಲೆ ಉಸಿರು ಬಿಟ್ಟು, ಹಸಿ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು.

"ಅತ್ತೆ..." ಎಂದಳು ಸೊಸೆ.

"ಅವನ ಎಡಭುಜಕ್ಕೆ ಪೆಟ್ಟಾಗಿದೆ. ಹೋದ ವಾರದಿಂದ ಬಾಗಿಲನ್ನ ಬಲಗೈಲೇ ಎಳೀತಿದಾನೆ. ನಾನು ಕೇಳಿದ್ರೆ ಹೆದರ್ತಾನೆ, ನೀನೇ ಏನಾದ್ರೂ ಹಚ್ಚು." ಅತ್ತೆ ಹತ್ತಿರ ಬಂದು, ಅವಳ ಬೆನ್ನ ಹಿಂದಿನ ಗಂಟನ್ನು ಮೆಲ್ಲಗೆ ಬಿಡಿಸಿಕೊಂಡರು. "ಹಾಗೇ ಇದರ ಮೇಲ್ಭಾಗ ಹೇಗಿರುತ್ತೆ ಅಂತ ಅವನನ್ನ ಕೇಳಿ ಹೇಳೇ. ಇಲ್ಲಿಂದ ನಂಗೆ ಹೊಟ್ಟೆಯೊಂದೇ ಕಾಣೋದು."