ಮನೆಗೆ ಬರುವ ಹೊಗೆ

ಗದಗಿನಲ್ಲಿ ಪ್ರತಿಯೊಂದು ಗಾಡಿಯ ಹೊಗೆಯೂ ಆಕಾಶಕ್ಕೆ ಏರದೆ ತನ್ನ ಒಡೆಯನ ಮನೆಗೇ ಬಂದು ಸೇರುತ್ತಿತ್ತು. ಹಾಗಾಗಿ ಹೊಗೆ ತಪಾಸಣೆಯೂ ಮನೆಯಲ್ಲೇ. ಆಟೋ ಓಡಿಸುವ ಫಕೀರಪ್ಪನ ಮಗಳು ಹೆತ್ತು ಆಸ್ಪತ್ರೆಯಲ್ಲಿದ್ದಳು. ತಪಾಸಣೆಯಲ್ಲಿ ಫೇಲಾದ ಮನೆಗೆ ಬಾಣಂತಿಯನ್ನೂ ಕೂಸನ್ನೂ ಆಸ್ಪತ್ರೆಯವರು ಕಳಿಸುತ್ತಿರಲಿಲ್ಲ.

ಫಕೀರಪ್ಪ ಅಂಗಳದಲ್ಲಿ ಆಟೋ ಚಾಲೂ ಮಾಡಿದ. ಹೊಗೆ ನೇರ ಕಿಟಕಿಗೆ ಹೋಯಿತು. ತಪಾಸಣೆಗೆ ಬಂದಿದ್ದ ನಸೀಮಾ ಅಲ್ಲಿ ಕಟ್ಟಿದ್ದ ಬಿಳಿ ಬಟ್ಟೆ ಕಪ್ಪಾಯಿತು.

“ಫೇಲ್ ಆತ್ರೀ.”

ಫಕೀರಪ್ಪನ ಹೆಂಡತಿ ಶಾಂತವ್ವ ಬಿಡಲಿಲ್ಲ. “ಹೆಂಗ ಫೇಲ್ ಆಗತೈತ್ರೀ ಬಾಯಾರ? ತೊಟ್ಟಿಲಕ್ಕಿಂತ ಮೊದಲ ಏರ್ ಫಿಲ್ಟರ್ ತೊಳದಾರ. ಕೂಸು ಬರೂ ಮನಿ ಅಂತ ವಾರದಿಂದ ಗಾಡೀನ ಮುಟ್ಟಿಲ್ಲ, ಬಾಡಿಗಿ ಬಿಟ್ಟು ಕುಂತಾರ!”

ನಸೀಮಾ ನಕ್ಕಳು. “ಅಲ್ಲೇ ಕೆಟ್ಟಿದ್ದು ನೋಡ್ರಿ, ಅಜ್ಜಾರ. ತಣ್ಣಗಿದ್ದ ಇಂಜಿನ್ನಾಗ ಎಣ್ಣಿ ಪೂರಾ ಸುಡೂದಿಲ್ಲ. ಸ್ಟೇಷನ್ ತನಕ ಓಡಿಸಿಕೊಂಡು ಬರ್ರಿ. ನಾ ಬ್ಯಾರೆ ಬಟ್ಟಿ ಕಟ್ಟಿರ್ತೀನಿ.”

ಯಾರಾದರೂ ತನ್ನನ್ನು ಅಜ್ಜ ಅಂದದ್ದು ಅದೇ ಮೊದಲು. ಫಕೀರಪ್ಪ ದಾರಿಯುದ್ದಕ್ಕೂ ಸುಮ್ಮಸುಮ್ಮನೆ ಹಾರ್ನ್ ಹೊಡೆದ.

ತಿರುಗಿ ಬರುವಷ್ಟರಲ್ಲಿ ಹೊಗೆ ಅವನಿಗಿಂತ ಮುಂಚೆ ಮನೆ ಮುಟ್ಟಿತ್ತು. ಬಟ್ಟೆ ಬೆಳ್ಳಗೇ ಇತ್ತು. ನಸೀಮಾ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಅವನು ಇಂಜಿನ್ ಆರಿಸಲು ಹೊರಟರೆ, ಶಾಂತವ್ವ ಕೂಸಿಗೆ ಹೊದಿಸಲು ದುಪ್ಪಟಿ ಹಿಡಿದು ಹಿಂದಿನ ಸೀಟಿಗೆ ಹತ್ತಿಯೇಬಿಟ್ಟಳು.

“ಆರಿಸಬ್ಯಾಡ್ರೀ, ಮತ್ತ ತಣ್ಣಗಾದೀತು! ನಡೀರಿ.”

ಆಟೋ ಆಸ್ಪತ್ರೆಯ ಕಡೆ ಹೊರಟಿತು. ಎಳೆಯಷ್ಟು ತೆಳ್ಳಗಿನ ಹೊಗೆ ಮನೆಯ ಕಡೆ ತಿರುಗಿತು. ಶಾಂತವ್ವ ತಲೆ ಹೊರಹಾಕಿ ಅದಕ್ಕೆ ಕೂಗಿ ಹೇಳಿದಳು:

“ಹಿತ್ತಲ ಕೋಣ್ಯಾಗ ಕೂಡು. ನಡುಮನ್ಯಾಗ ಕೂಸು ಮಲಗತೈತಿ!”